ಕರಡಿಯ ನಡಿಗೆ: ಬನ್ನೇರುಘಟ್ಟಕ್ಕೆ ಐದನೆಯ ಭೇಟಿ

ಈ ವರ್ಷ ಹನ್ನೆರಡು ಸಲ ಬನ್ನೇರುಘಟ್ಟಕ್ಕೆ ಹೋಗಬೇಕು, ಪ್ರತಿ ಸಲ ಒಂದೇ ಪ್ರಾಣಿಯನ್ನು ಎದುರಿಗೇ ನೋಡಿ ಪೆನ್ಸಿಲ್ಲಿನಲ್ಲಿ ಅದರ ಚಿತ್ರ ಬರೆಯಬೇಕು ಎಂದು ಹಟ ತೊಟ್ಟಿದ್ದೇನೆ. ಫೋಟೊ ನೋಡಿ ಬರೆಯುವಂತಿಲ್ಲ. ಆನೆ, ಕಾಡೆಮ್ಮೆ, ಜಿಂಕೆ ಪುಸ್ತಕಕ್ಕೆ ಬಂದವು. ಕಳೆದ ತಿಂಗಳು ಕರಡಿ ಕೈಗೆ ಸಿಗಲಿಲ್ಲ. ಮೂರು ಪುಟ ಬರೆದೆ, ಮೂರರಲ್ಲೂ ಮೂಡಿದ್ದು ದಪ್ಪ ಕೂದಲಿನ ನಾಯಿ. ಹಾಗಾಗಿ ಈ ತಿಂಗಳೂ ಕರಡಿಗೇ ಮೀಸಲು.

ಮಂಗಳವಾರ ಉದ್ಯಾನಕ್ಕೆ ರಜೆ. ಬುಧವಾರ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ 365ರ ಬಸ್ ಹತ್ತಿದೆ. ಜೊತೆಗೆ ಅಕ್ಕನ ಮಗಳು. ಹುಲಿ, ಸಿಂಹ ನೋಡುವ ಆಸೆ ಅವಳದು. ಎರಡೂ ಕಂಡವು. ಹುಲಿಯಂತೂ ನೀರಿನ ಹೊಂಡದಲ್ಲಿ ಕುತ್ತಿಗೆಯವರೆಗೆ ಮುಳುಗಿ ಕುಳಿತಿತ್ತು. ಅವಳ ಸಂತೋಷ ನೋಡಿ ನನಗೂ ಸಂತೋಷವಾಯಿತು, ಆದರೆ ನನ್ನ ಪೆನ್ಸಿಲ್ ಜೇಬಿನಲ್ಲೇ ಇತ್ತು.

ಕರಡಿಗಳ ಆವರಣಕ್ಕೆ ಬಂದಾಗ ಸಫಾರಿ ಬಸ್ಸಿನ ಚಾಲಕರನ್ನು ಕೇಳಿಕೊಂಡೆ: "ಅಣ್ಣಾ, ಒಂದೆರಡು ನಿಮಿಷ ನಿಲ್ಲಿಸಲು ಆಗುತ್ತದೆಯೇ?" "ಹುತ್ತದ ಹತ್ತಿರ ನಿಲ್ಲಿಸುತ್ತೇನೆ, ಅಲ್ಲಿ ಒಂದು ಇದ್ದೇ ಇರುತ್ತದೆ" ಎಂದರು. ಅವರ ಮಾತು ಸುಳ್ಳಾಗಲಿಲ್ಲ.

ಸಫಾರಿ ಬಸ್ಸಿನ ಕಿಟಕಿಗೆ ಕಬ್ಬಿಣದ ಜಾಲರಿ. ಕ್ಯಾಮೆರಾ ಹಿಡಿದವರಿಗೆ ಅದರಿಂದ ತೊಂದರೆ, ನನಗೆ ಅದರಿಂದಲೇ ದಾರಿ ಸಿಕ್ಕಿತು. ತಲೆ ಅಲುಗಿಸದೆ ಒಂದು ಕಣ್ಣು ಮುಚ್ಚಿ ಚೌಕಗಳನ್ನು ಎಣಿಸಿದೆ. ಮೂಗಿನಿಂದ ಹಿಂಭಾಗದವರೆಗೆ ಏಳು ಚೌಕ, ಭುಜದ ಎತ್ತರ ಮೂರೂವರೆ. ನಡೆಯುವಾಗ ತಲೆ ಭುಜಕ್ಕಿಂತ ಪೂರ್ತಿ ಒಂದು ಚೌಕ ಕೆಳಗೆ. ಹಳೆಯ ಮೂರು ಚಿತ್ರಗಳಲ್ಲಿಯೂ ನಾನು ತಲೆಯನ್ನು ಎತ್ತಿ ನಿಲ್ಲಿಸಿದ್ದೆ. ತಪ್ಪು ಅಲ್ಲಿತ್ತು! ಕರಡಿ ನೆಲವನ್ನು ಮೂಸುತ್ತಾ ನಡೆಯುವ ಪ್ರಾಣಿ, ಅದರ ಇಡೀ ಮೈಯ ಗೆರೆ ಭುಜದಿಂದ ಮೂಗಿಗೆ ಇಳಿಜಾರಾಗಿಯೇ ಹರಿಯುತ್ತದೆ. ಮುಂಗಾಲುಗಳು ಒಳಕ್ಕೆ ತಿರುಗಿವೆ, ಹೆಜ್ಜೆ ಇಟ್ಟಾಗ ಪಾದಗಳು ಒಂದಕ್ಕೊಂದು ಎದುರಾಗುತ್ತವೆ. ಇಷ್ಟು ಹಿಡಿದ ಮೇಲೆ ಕೂದಲು ಬರೆಯುವ ಮೊದಲೇ, ಬರಿಯ ಐದು ಗೆರೆಗಳಲ್ಲಿ ಕರಡಿ ಕಾಣಿಸಿತು. "ಮಾಮ, ಈಗ ಕರಡಿಯೇ ಆಯಿತು" ಎಂದಳು ಹುಡುಗಿ.

ಅದು ಹುತ್ತವನ್ನು ಕೆರೆಯುತ್ತಿತ್ತು. ಆ ಉಗುರುಗಳು ಬೆಕ್ಕಿನವುಗಳಂತೆ ಒಳಗೆ ಸರಿಯುವುದಿಲ್ಲ, ಬಿಳಿಚಿಕೊಂಡು ಕೊಕ್ಕೆಯಂತೆ ಸದಾ ಹೊರಗೇ ಇರುತ್ತವೆ. ಈ ಉಗುರುಗಳನ್ನು ನೋಡಿಯೇ 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ನಮ್ಮ ಕರಡಿಯನ್ನು ದಕ್ಷಿಣ ಅಮೆರಿಕದ ಸ್ಲಾತ್ ಎಂಬ ಪ್ರಾಣಿಯ ಗುಂಪಿಗೆ ಸೇರಿಸಿದ್ದು. ಆ ತಪ್ಪು ಆಮೇಲೆ ತಿದ್ದಿದರೂ ಇಂಗ್ಲಿಷಿನಲ್ಲಿ 'ಸ್ಲಾತ್ ಬೇರ್' ಎಂಬ ಹೆಸರು ಹಾಗೆಯೇ ಉಳಿಯಿತು. ಮಣ್ಣು ಉದುರಿಸಿ, ಉಫ್ ಎಂದು ದೂಳು ಊದಿ, ತುಟಿಗಳನ್ನು ಕೊಳವೆಯಂತೆ ಮುಂದೆ ಚಾಚಿ ಅದು ಗೆದ್ದಲು ಹೀರಿತು. ಮೇಲಿನ ಸಾಲಿನಲ್ಲಿ ನಡುವಿನ ಎರಡು ಹಲ್ಲುಗಳು ಕರಡಿಗೆ ಇರುವುದೇ ಇಲ್ಲ. ಗೆದ್ದಲು ಒಳಗೆ ಹೋಗುವುದು ಆ ಸಂದಿನಿಂದಲೇ. ಹೀರುವ ಸದ್ದು ಬಸ್ಸಿನೊಳಗೂ ಕೇಳಿತು. ಪುಟದ ಅಂಚಿನಲ್ಲಿ ತುಟಿಗಳನ್ನಷ್ಟೇ ನಾಲ್ಕು ಸಲ ಬರೆದೆ. ನಾಲ್ಕನೆಯದು ಸರಿಯಾಗಿದೆ.

ಮುಂದಿನ ತಿರುವಿನಲ್ಲಿ ನೆರಳಿಗೆ ಮಲಗಿದ್ದ ಮುದಿ ಕರಡಿಯ ಮೂತಿಯ ಮೇಲೆ ಒಂದು ಸೊಟ್ಟ ತಗ್ಗು ಇತ್ತು. "ಹಗ್ಗ ಹಾಕಿದ ಗಾಯ" ಎಂದರು ಚಾಲಕರು. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಗೆ ಕರಡಿ ಕುಣಿಸುವವರು ಬರುತ್ತಿದ್ದರು. ರಾತ್ರಿ ಬೆಚ್ಚಿಬೀಳುವುದು ನಿಲ್ಲಲಿ ಎಂದು ಅಜ್ಜಿ ನನ್ನನ್ನು ಕರಡಿಯ ಬೆನ್ನ ಮೇಲೆ ಕೂರಿಸಿ, ಅದರ ಒಂದು ಕೂದಲನ್ನು ತಾಯಿತಕ್ಕೆ ಹಾಕಿ ಕಟ್ಟಿದ್ದರು. ಮೂಗಿನ ಮೂಳೆಯನ್ನು ತೂತು ಮಾಡಿ ಹಗ್ಗ ಪೋಣಿಸಿದ್ದಾರೆಂದು ನಮಗೆ ಯಾರೂ ಹೇಳಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ದಶಕಗಳ ಕಾಲ ಈ ಆಟ ನಡೆಯಿತು. ದೇಶದಲ್ಲಿ ಬೀದಿಯಲ್ಲಿ ಕುಣಿದ ಕೊನೆಯ ಕರಡಿ ಎಂದು ಹೇಳಲಾದ ರಾಜುವನ್ನು 2009ರ ಡಿಸೆಂಬರ್‌ನಲ್ಲಿ ಕರೆತಂದು ಇರಿಸಿದ್ದು ಇದೇ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರದಲ್ಲಿ. ಮುದಿ ಕರಡಿಯನ್ನು ಬರೆಯುವಾಗ ಆ ತಗ್ಗನ್ನು ಬಿಡಬೇಕೆಂದು ಒಂದು ಕ್ಷಣ ಅನಿಸಿತು, ಆದರೆ ಬಿಡಲಿಲ್ಲ. 4ಬಿ ಪೆನ್ಸಿಲ್ಲನ್ನು ಒತ್ತಿ ಬರೆದಿದ್ದೇನೆ. ಇಡೀ ಪುಟದಲ್ಲಿ ಅದೇ ಎಲ್ಲಕ್ಕಿಂತ ಗಾಢವಾದ ಗೆರೆ.

ಮಧ್ಯಾಹ್ನ ಚಿಟ್ಟೆ ಉದ್ಯಾನಕ್ಕೂ ಹೋದೆವು. ಬೆಳಿಗ್ಗೆ ಬಿದ್ದ ಮಳೆಗೆ ಚಿಟ್ಟೆಗಳು ಎಲೆಗಳ ಅಡಿ ಸೇರಿದ್ದವು, ಬೇಗ ಹೊರಟೆವು.

ಇನ್ನೂ ಬಾಕಿ ಇರುವುದು ಎದೆಯ ಮೇಲಿನ ಬಿಳಿ ಗುರುತು. ಅದು ಇಂಗ್ಲಿಷಿನ ವಿ ಅಕ್ಷರದ ಹಾಗಿರುತ್ತದೆ. ಕರಡಿ ಹಿಂಗಾಲ ಮೇಲೆ ನಿಂತರೆ ಮಾತ್ರ ಪೂರ್ತಿ ಕಾಣುತ್ತದೆ, ಆ ದಿನ ಒಂದೂ ನಿಲ್ಲಲಿಲ್ಲ. ಅದಕ್ಕಾಗಿ ಚಳಿಗಾಲದಲ್ಲಿ ಹಂಪಿಯ ಹತ್ತಿರದ ದರೋಜಿ ಕರಡಿಧಾಮಕ್ಕೆ ಹೋಗಬೇಕೆಂದಿದ್ದೇನೆ. ಅಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಸವರಿಟ್ಟರೆ ಸಂಜೆ ಹೊತ್ತಿಗೆ ಕರಡಿಗಳು ಗುಡ್ಡ ಇಳಿದು ಬರುತ್ತವೆ. 23ನೆಯ ಪುಟದಲ್ಲಿ ಎದೆಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ.