ಧ್ರುವದ ಹೂಳು ಮತ್ತು ದೊಡ್ಡಪ್ಪನ ಪ್ರಶ್ನೆ

ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತೆಂಬ ಮಾತನ್ನು ನಮ್ಮ ಸೀಮೆಯವರು ಮೂರು ತಲೆಮಾರು ಬಾಯಲ್ಲಿ ಉಳಿಸಿಕೊಂಡು ಬಂದರು. 2022ರಲ್ಲಿ ಅದು ಮತ್ತೆ ಕೋಡಿ ಬಿದ್ದಾಗ ಹೋಲಿಸಿ ನೋಡಲು ಆ ನೆನಪು ಸಿದ್ಧವಾಗಿತ್ತು. ನಾನು ಈಗ ಇರುವ ನಾರ್ವೆಯ ಬರ್ಗೆನ್‌ನಿಂದ ಬಹುದೂರ ಉತ್ತರಕ್ಕೆ, 78 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಅಂಥ ನೆನಪು ಹೇಳುವ ಮೂಲನಿವಾಸಿಗಳೇ ಇರಲಿಲ್ಲ, ನಿಯತವಾದ ಹವಾಮಾನ ದಾಖಲೆಯೂ 1911ರಿಂದ ಈಚಿನದು. ಅದಕ್ಕೂ ಹಿಂದಿನದನ್ನು ತಿಳಿಯಬೇಕಾದರೆ ಸರೋವರಗಳ ತಳದ ಹೂಳನ್ನು ಕೇಳಬೇಕು. ಚಿತ್ರದುರ್ಗದ ಕಡೆಯವನಿಗೆ ಕೆರೆಯ ಹೂಳೆಂದರೆ ಬೇಸಿಗೆಯಲ್ಲಿ ಟ್ರ್ಯಾಕ್ಟರಿಗೆ ತುಂಬಿ ಹೊಲಕ್ಕೆ ಹೊಡೆಯುವ ಗೋಡು. ಇಲ್ಲಿ ಅದನ್ನು ಕೊಳವೆಯಲ್ಲಿ ಮುಚ್ಚಿ, ನಾಲ್ಕು ಡಿಗ್ರಿಯ ಶೀತಲ ಕೋಣೆಯಲ್ಲಿಟ್ಟು, ಸೆಂಟಿಮೀಟರ್ ಲೆಕ್ಕದಲ್ಲಿ ಖರ್ಚು ಮಾಡುತ್ತಾರೆ.

ಹೂಳು ತೆಗೆಯಲು ಏಪ್ರಿಲ್ ಒಳ್ಳೆಯ ಕಾಲ. ಆಗ ಹಗಲು ದೀರ್ಘವಾಗಿರುತ್ತದೆ, ಸರೋವರದ ಮೇಲಿನ ಮಂಜುಗಡ್ಡೆ ಇನ್ನೂ ಗಟ್ಟಿಯಾಗಿರುವುದರಿಂದ ಅದರ ಮೇಲೆಯೇ ನಿಂತು ರಂಧ್ರ ಕೊರೆದು ಪ್ಲಾಸ್ಟಿಕ್ ಕೊಳವೆಯನ್ನು ತಳಕ್ಕೆ ಇಳಿಸಿ ಬಡಿಯಬಹುದು. ಹಿಮಕರಡಿಗಳಿರುವ ಕಾರಣ ಗುಂಪಿನಲ್ಲಿ ಒಬ್ಬರು ಬಂದೂಕು ಹಿಡಿದು ಕಾವಲಿರುತ್ತಾರೆ. ಪ್ರಯೋಗಾಲಯದಲ್ಲಿ ಕೊಳವೆಯನ್ನು ಉದ್ದಕ್ಕೆ ಸೀಳಿ, ಒಂದು ಹೋಳನ್ನು ಮುಂದಿನವರಿಗಾಗಿ ಮುಟ್ಟದೆ ಉಳಿಸುವುದು ಪದ್ಧತಿ. ನನಗೆ ಈ ವೃತ್ತಿಯಲ್ಲಿ ಬಹಳ ಹಿಡಿಸಿದ ಶಿಸ್ತು ಇದು.

ಪಶ್ಚಿಮ ಸ್ವಾಲ್ಬಾರ್ಡ್‌ನ ಲಿನ್ನೆವಾಟ್ನೆಟ್ ಸರೋವರದ ಮೇಲ್ಭಾಗದಲ್ಲಿ ಒಂದು ಹಿಮನದಿಯಿದೆ. ಹಿಮನದಿಯು ಕೆಳಗಿನ ಬಂಡೆಯನ್ನು ಬೀಸುವ ಕಲ್ಲಿನಂತೆ ಅರೆಯುತ್ತದೆ. ಆ ನುಣುಪಾದ ಬೂದು ಹಿಟ್ಟು ಬೇಸಿಗೆಯ ಕರಗುನೀರಿನೊಡನೆ ಸರೋವರಕ್ಕೆ ಬಂದು ತಳದಲ್ಲಿ ಕೂರುತ್ತದೆ. ಹಿಮನದಿ ಇಲ್ಲದ ಕಾಲದಲ್ಲಿ ಹಿಟ್ಟಿನ ಪೂರೈಕೆ ತಗ್ಗಿ, ಪಾಚಿ ಮತ್ತು ಸಸ್ಯಗಳ ಅವಶೇಷದ ಪಾಲು ಹೆಚ್ಚುತ್ತದೆ. ಹೀಗಾಗಿ ಪದರಗಳ ಗುಣವನ್ನು ನೋಡಿ, ಮೇಲಿದ್ದ ಹಿಮನದಿ ಬೆಳೆದಿತ್ತೋ ಅಳಿದಿತ್ತೋ ಎಂದು ಹೇಳಲು ಸಾಧ್ಯ. ಅಲ್ಲಿನ ಹೂಳು ಹೇಳುವಂತೆ, ಹಿಮಯುಗ ಮುಗಿದ ನಂತರದ ಹಲವು ಸಾವಿರ ವರ್ಷ ಆ ಹಿಮನದಿಯೇ ಇರಲಿಲ್ಲ. ಅದು ಮರಳಿ ಹುಟ್ಟಿದ್ದು ಸುಮಾರು ನಾಲ್ಕೈದು ಸಾವಿರ ವರ್ಷಗಳ ಹಿಂದೆ.

ಕಷ್ಟವಿರುವುದು ಪದರಗಳಿಗೆ ವಯಸ್ಸು ಕಟ್ಟುವುದರಲ್ಲಿ. ಮೇಲಿನ ನೂರು ನೂರೈವತ್ತು ವರ್ಷಗಳಿಗೆ, ಗೊತ್ತಾದ ವೇಗದಲ್ಲಿ ಕ್ಷಯಿಸುವ ವಿಕಿರಣಶೀಲ ಸೀಸ-210 ಸಾಕು, ಅಣುಬಾಂಬ್ ಪರೀಕ್ಷೆಗಳಿಂದ ಉದುರಿದ ಸೀಸಿಯಂ-137 ತುತ್ತತುದಿ ಮುಟ್ಟಿದ 1963 ಒಂದು ಗುರುತುಕಲ್ಲು. ಇನ್ನೂ ಹಿಂದಕ್ಕೆ ಹೋಗಲು, ಜೀವಿ ಸತ್ತ ಮೇಲೆ ನಿಧಾನವಾಗಿ ಕ್ಷಯಿಸುವ ಇಂಗಾಲ-14 ಬೇಕು. ಆದರೆ ಸ್ವಾಲ್ಬಾರ್ಡ್‌ನಲ್ಲಿ ಕಲ್ಲಿದ್ದಲೂ ಸುಣ್ಣದಕಲ್ಲೂ ಇವೆ. ಇಂಗಾಲ-14 ಪೂರ್ತಿ ಕ್ಷಯಿಸಿಹೋದ ಅವುಗಳ ಪುರಾತನ ಇಂಗಾಲ ಹೂಳಿಗೆ ಬೆರೆತರೆ ಪದರದ ವಯಸ್ಸು ಸುಳ್ಳೇ ಏರಿಬಿಡುತ್ತದೆ. ಆದ್ದರಿಂದ ಗಾಳಿಯಿಂದ ಇಂಗಾಲ ಪಡೆದ ನೆಲದ ಗಿಡದ ಎಲೆಯನ್ನೇ, ಅಂದರೆ ಗೇಣುದ್ದವೂ ಬೆಳೆಯದ ಧ್ರುವದ ವಿಲೋ ಗಿಡದ ಉಗುರಗಲದ ಎಲೆಯನ್ನೇ, ಜರಡಿ ಹಿಡಿದು ಸೂಕ್ಷ್ಮದರ್ಶಕದ ಕೆಳಗೆ ಹುಡುಕಬೇಕು. ಎಷ್ಟೋ ಪದರಗಳಲ್ಲಿ ಅದು ಸಿಗುವುದೇ ಇಲ್ಲ. ಪತ್ರಿಕೆಗಳಲ್ಲಿ ಒಂದು ಗೆರೆಯಾಗಿ ಕಾಣುವ ತಾಪಮಾನದ ನಕ್ಷೆಯ ಹಿಂದೆ ಇಂಥ ಎಲೆಚೂರುಗಳಿರುತ್ತವೆ ಎಂಬುದನ್ನು ಓದುಗರು ನೆನಪಿಟ್ಟರೆ ಒಳ್ಳೆಯದು.

ಈ ಹಿಮನದಿಯ ಕಥೆಯನ್ನು ಫೋನಿನಲ್ಲಿ ಹೇಳಿದಾಗ ಹಿರಿಯೂರಿನ ದೊಡ್ಡಪ್ಪ ಕೇಳಿದರು: "ಹಂಗಾದ್ರೆ ಆಗೇನು ಕಾರು, ಬಸ್ಸು ಇದ್ವೇನಪ್ಪಾ? ತಾನಾಗೇ ಕಾದಿತ್ತು ಅಂದ್ಮೇಲೆ ಈಗ್ಯಾಕೆ ಗಾಬರಿ?" ನ್ಯಾಯವಾದ ಪ್ರಶ್ನೆ. ಆದರೆ ಅದು ತಾನಾಗಿ ಕಾದದ್ದಲ್ಲ, ಕಾರಣವಿತ್ತು, ಆ ಕಾರಣ ಲೆಕ್ಕಕ್ಕೆ ಸಿಗುತ್ತದೆ. ಸುಮಾರು 10 ಸಾವಿರ ವರ್ಷಗಳ ಹಿಂದೆ ಭೂಮಿಯ ಅಕ್ಷದ ಓರೆ ಈಗಿಗಿಂತ ಹೆಚ್ಚಿತ್ತು, ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುತ್ತಿದ್ದುದು ಈಗಿನಂತೆ ಜನವರಿಯಲ್ಲಲ್ಲ, ಉತ್ತರಾರ್ಧಗೋಳದ ಬೇಸಿಗೆಯಲ್ಲಿ. ಅಂದಿನಿಂದ ಧ್ರುವಪ್ರದೇಶದ ಬೇಸಿಗೆಯ ಬಿಸಿಲು ನಿಧಾನವಾಗಿ ಇಳಿಯುತ್ತಲೇ ಬಂದಿದೆ, ಹಿಮನದಿ ಮರಳಿ ಹುಟ್ಟಿದ್ದೂ ಅದರಿಂದಲೇ. ಸರೋವರದ ಹೂಳು, ಮಂಜುಗಡ್ಡೆ, ಮರದ ಉಂಗುರ ಮೂರನ್ನೂ ಸೇರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎರಡು ಸಾವಿರ ವರ್ಷಗಳಿಂದ ತಣಿಯುತ್ತಿದ್ದ ಆರ್ಕ್ಟಿಕ್ 20ನೆಯ ಶತಮಾನದಲ್ಲಿ ಹಠಾತ್ತನೆ ದಿಕ್ಕು ಬದಲಿಸಿತೆಂದು ತೋರಿಸಿತು. ಬಿಸಿಲಿನ ಲೆಕ್ಕದಂತೆ ಇನ್ನೂ ತಣಿಯಬೇಕಾದ ನೆಲ ಕಾಯುತ್ತಿದೆ. 1979ರಿಂದ ಈಚೆಗೆ ಅದು ಜಗತ್ತಿನ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಕಾದಿದೆ. ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಇಲ್ಲಿದೆ: ಹಳೆಯ ಬಿಸಿಗೆ ಕಾರಣವಾಗಿದ್ದ ಬಿಸಿಲು ಈಗಿನ ಬಿಸಿಗೆ ಕಾರಣವಾಗಲಾರದು.

ಇನ್ನೂ ಹಳೆಯ ಸಾಕ್ಷಿ ರಷ್ಯಾದ ಚುಕೋಟ್ಕಾದಲ್ಲಿದೆ. ಸುಮಾರು 36 ಲಕ್ಷ ವರ್ಷಗಳ ಹಿಂದೆ ಉಲ್ಕೆ ಬಿದ್ದು ಉಂಟಾದ ಎಲ್ಗಿಗಿಟ್ಗಿನ್ ಸರೋವರವನ್ನು ಯಾವ ಹಿಮಯುಗದ ಮಂಜುಹಾಸೂ ಕೆರೆದು ಹಾಕಲಿಲ್ಲವಾದ್ದರಿಂದ ಅದರ ಹೂಳು ಇಡಿಯಾಗಿ ಉಳಿದಿದೆ. 2009ರಲ್ಲಿ ಅಲ್ಲಿ ಕೊರೆದು ತೆಗೆದ ಮಣ್ಣಿನ ಪರಾಗಕಣಗಳ ಪ್ರಕಾರ, ಮೊದಲ ಕೆಲವು ಲಕ್ಷ ವರ್ಷಗಳಲ್ಲಿ ಅಲ್ಲಿನ ಬೇಸಿಗೆ ಈಗಿಗಿಂತ ಸುಮಾರು 8 ಡಿಗ್ರಿ ಬಿಸಿಯಾಗಿತ್ತು, ಈಗ ಮರವಿಲ್ಲದ ಶೀತಬಯಲು, ಅಂದರೆ ಟುಂಡ್ರಾ, ಇರುವಲ್ಲಿ ಕಾಡು ಇತ್ತು. ಆಗ ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 400 ಭಾಗದ ಆಸುಪಾಸು ಎಂಬುದು ಅಂದಾಜು. ಆ ಮಟ್ಟವನ್ನು ನಾವು ಹತ್ತು ವರ್ಷದ ಹಿಂದೆಯೇ ದಾಟಿದ್ದೇವೆ.

ಧ್ರುವಕ್ಕೆ ಹೆಚ್ಚು ಬಿಸಿಲು ಕೊಟ್ಟ ಅದೇ ಓರೆ, ಅದೇ ಕಕ್ಷೆ ನಮ್ಮ ಮುಂಗಾರನ್ನೂ ಬಲಗೊಳಿಸಿತ್ತು. ನಮ್ಮ ಕೆರೆಗಳ ಹೂಳಿನಲ್ಲಿ ಅದು ಸಿಗದೇ ಎಂದು ದೊಡ್ಡಪ್ಪ ಕೇಳಿದರು. ಮಯೂರಶರ್ಮನ ಚಂದ್ರವಳ್ಳಿ ಶಾಸನ ಹೇಳುವ ಕೆರೆಯನ್ನೇ ತೆಗೆದುಕೊಂಡರೂ ಅದು ನಾಲ್ಕನೆಯ ಶತಮಾನದ್ದು, ಅಷ್ಟು ಹಿಂದಕ್ಕೆ ಹೋಗದು. ಮೇಲಾಗಿ ನಮ್ಮ ಕೆರೆಗಳು ಬರಗಾಲದಲ್ಲಿ ಬತ್ತಿ ಬಿರುಕು ಬಿಡುತ್ತವೆ, ಗಾಳಿ ತಾಕಿ ಪರಾಗ ಕೊಳೆಯುತ್ತದೆ, ಉಳಿದುದನ್ನು ನಾವೇ ಹೊಲಕ್ಕೆ ಹೊಡೆದಿದ್ದೇವೆ. ಮುಂಗಾರಿನ ಆ ಹಳೆಯ ಲೆಕ್ಕವನ್ನು ಅರಬ್ಬೀ ಸಮುದ್ರದ ತಳದ ಕೆಸರಿನಿಂದಲೂ ಒಮಾನಿನ ಗವಿಗಳ ಸುಣ್ಣದ ಕಂಬಗಳಿಂದಲೂ ತೆಗೆದಿದ್ದಾರೆ. ಅಲ್ಲಿಯೂ ಮಳೆ ಬಲವಾಗಿದ್ದ ಕಾಲ ಸುಮಾರಾಗಿ ಸ್ವಾಲ್ಬಾರ್ಡ್‌ನಲ್ಲಿ ಹಿಮನದಿ ಇಲ್ಲದಿದ್ದ ಕಾಲವೇ.