ಬಿಳಿ ಬಿಲ್ ಹಳದಿಯಾದ ಶನಿವಾರ

2023ರ ಆಗಸ್ಟ್ 19, ಶನಿವಾರ, ಮಧ್ಯಾಹ್ನ ಎರಡು ಗಂಟೆ. ನಾನು ಚೆನ್ನೈನ ಒಂದು ಕಸ್ಟಮ್ಸ್ ಬ್ರೋಕರ್ ಆಫೀಸಿನವನು, ರಫ್ತುದಾರರ ಪರವಾಗಿ ಕಸ್ಟಮ್ಸ್ ಕೆಲಸ ಮಾಡಿಸುವವನು. ನಮ್ಮ ರಫ್ತುದಾರ ಗೌಡ್ರ ಈರುಳ್ಳಿ ಬಾಕ್ಸ್ (ಕಂಟೇನರ್) ಸಿಎಫ್‌ಎಸ್ ಗೇಟ್ ಒಳಗೆ ಬಂದಿತ್ತು. ಸಿಎಫ್‌ಎಸ್ ಅಂದರೆ ಹಡಗಿಗೆ ಹೋಗುವ ಮೊದಲು ಕಸ್ಟಮ್ಸ್ ಕೆಲಸ ಮುಗಿಸುವ ಕಂಟೇನರ್ ಯಾರ್ಡ್. ಪ್ಲಗ್ ಹಾಕಿಸಿ ಟೆಂಪರೇಚರ್ ಬರೆದುಕೊಂಡಿದ್ದೆ. ನಲವತ್ತು ಅಡಿಯ ರೀಫರ್, ಅಂದರೆ ತಂಪು ಕಂಟೇನರ್. ಒಳಗೆ 28 ಟನ್ ಬೆಂಗಳೂರು ರೋಸ್ ಈರುಳ್ಳಿ, 20 ಕೆಜಿಯ 1,400 ಚೀಲ. ಚಿಕ್ಕಬಳ್ಳಾಪುರದಿಂದ ಬಂದ ಮಾಲು, ಚೆನ್ನೈ ಬಂದರಿನಿಂದ ಮಲೇಷ್ಯಾದ ಪೋರ್ಟ್ ಕ್ಲಾಂಗ್‌ಗೆ ಹೋಗಬೇಕಿತ್ತು. ಶಿಪ್ಪಿಂಗ್ ಬಿಲ್, ಅಂದರೆ ರಫ್ತಿಗೆ ಕಸ್ಟಮ್ಸ್‌ಗೆ ಕೊಡುವ ಘೋಷಣೆ, ಶುಕ್ರವಾರವೇ ಹಾಕಿದ್ದೆ. ಫೈಟೋ, ಅಂದರೆ ಮಾಲಿನಲ್ಲಿ ರೋಗ-ಕೀಟ ಇಲ್ಲ ಅನ್ನುವ ಸರ್ಟಿಫಿಕೇಟ್, ಕೈಯಲ್ಲಿತ್ತು. ಇನ್ನು ಗೂಡ್ಸ್ ರಿಜಿಸ್ಟ್ರೇಶನ್, ಎಕ್ಸಾಮಿನೇಶನ್, ಕೊನೆಗೆ ಎಲ್‌ಇಒ (ಲೆಟ್ ಎಕ್ಸ್‌ಪೋರ್ಟ್ ಆರ್ಡರ್, ಮಾಲು ಹೊರಡಬಹುದು ಅನ್ನುವ ಕಸ್ಟಮ್ಸ್ ಆದೇಶ). ಅಷ್ಟೇ.

ಆಗ ಕಣ್ಣಿಗೆ ಬಿತ್ತು. ಇನ್‌ವಾಯ್ಸ್‌ನಲ್ಲಿ 1,400 ಚೀಲ, ಫೈಟೋದಲ್ಲಿ 1,400, ಬಿಲ್‌ನಲ್ಲಿ ಮಾತ್ರ 1,040. ಬಿಲ್ ಹಾಕುವ ಮೊದಲು ಅಂಕಿ ತಾಳೆ ನೋಡುವ ಚೆಕ್‌ಲಿಸ್ಟ್ ಓಕೆ ಮಾಡಿದ್ದು ನಾನೇ. ಅಮೆಂಡ್‌ಮೆಂಟ್ (ತಿದ್ದುಪಡಿ) ಹಾಕಬೇಕು. ಕಸ್ಟಮ್ಸ್ ಅಧಿಕಾರಿ ಸೀಟಿನಲ್ಲಿದ್ದರು, ಆರು ಗಂಟೆವರೆಗೂ ಇರುತ್ತೇನೆ ಅಂತಲೂ ಹೇಳಿದ್ದರು. ಆದರೆ ಸರ್ವರ್ ಬೆಳಗ್ಗೆಯಿಂದ ನಿಂತು ನಿಂತು ಓಡುತ್ತಿತ್ತು. ನನ್ನ ಜೇಬಿನಲ್ಲಿ ಮೂರೂವರೆಯ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಟಿಕೆಟ್ ಇತ್ತು. ಎರಡು ತಿಂಗಳಾದ ಮೇಲೆ ಊರಿಗೆ ಹೊರಟಿದ್ದೆ.

ನಮ್ಮ ಆಫೀಸಿನ ಹಿರಿಯರಿಗೆ ಫೋನ್ ಮಾಡಿದೆ. ಬಂದರಿನಲ್ಲಿ ನಲವತ್ತು ವರ್ಷ ಸವೆಸಿದ ಮನುಷ್ಯ. ಅವರು ಹೇಳಿದ್ದು ಒಂದೇ ಮಾತು. "ಇವತ್ತೇ ಮುಗಿಸಿಬಿಡು ತಂಬಿ. ಬೇಕಾದ್ರೆ ನಾನೂ ಬರ್ತೀನಿ."

ನಾನು ವಾದ ಮಾಡಿದೆ. ಹಡಗಿಗೆ ಬಾಕ್ಸ್ ಒಪ್ಪಿಸುವ ಕಟ್-ಆಫ್ ಇರೋದು ಸೋಮವಾರ ರಾತ್ರಿ ಹತ್ತಕ್ಕೆ. ಈರುಳ್ಳಿಗೆ ಸುಂಕವೇ ಇಲ್ಲ. ಬಿಲ್ ಹಾಕಿಯಾಗಿದೆ, ಬಾಕ್ಸ್ ಗೇಟ್ ಇನ್ ಆಗಿದೆ. ಭಾನುವಾರ ರಾತ್ರಿಯೇ ವಾಪಸ್ ಹೊರಟು ಸೋಮವಾರ ಬೆಳಗ್ಗೆ ಮೊದಲ ಕೆಲಸ ಇದನ್ನೇ ಮಾಡ್ತೀನಿ ಸಾರ್. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ನಿನ್ನಿಷ್ಟ" ಅಂದರು. ಎರಡೂ ಮುಕ್ಕಾಲಿಗೆ ಸಿಎಫ್‌ಎಸ್ ಬಿಟ್ಟೆ.

ಜೋಲಾರ್‌ಪೇಟೆ ದಾಟಿದ ಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪಿಡಿಎಫ್ ಬಂತು. ಅದು ತೆರೆಯುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಕೆಳಗೆ ಯಾರೋ ಬರೆದಿದ್ದ ಒಂದು ಸಾಲು ಮಾತ್ರ ಕಾಣುತ್ತಿತ್ತು: "ಆನಿಯನ್ 40 ಪರ್ಸೆಂಟ್." ಬೆಲೆ ಏರಿದ ಸುದ್ದಿ ಇರಬೇಕು ಅಂದುಕೊಂಡೆ. ಮತ್ತೆ ನೋಡಿದೆ. ಅದು ಕಸ್ಟಮ್ಸ್ ನೋಟಿಫಿಕೇಶನ್‌ಗಳನ್ನಷ್ಟೇ ಹಾಕುವ ಗ್ರೂಪು. ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ಹೊರಗೆ ಕತ್ತಲೆ, ಬಂಡೆಗುಡ್ಡ. ಫೋನನ್ನು ಮೇಲೆ ಹಿಡಿದೆ, ಕೆಳಗೆ ಹಿಡಿದೆ. ಕುಪ್ಪಂ ಹತ್ತಿರ ಒಂದು ಗೆರೆ ಸಿಗ್ನಲ್ ಬಂದು ಪುಟ ತೆರೆಯಿತು. ಈರುಳ್ಳಿ ರಫ್ತಿಗೆ 40% ಸುಂಕ, ಡಿಸೆಂಬರ್ 31ರವರೆಗೆ. ತಾರೀಖು ಅವತ್ತಿನದೇ.

ಇಷ್ಟಾದರೂ ನಾನು ಒಂದು ಹುಲ್ಲುಕಡ್ಡಿ ಹಿಡಿದುಕೊಂಡಿದ್ದೆ. ನಮ್ಮ ಬಿಲ್ ಶುಕ್ರವಾರದ್ದು, ಸುಂಕ ಶನಿವಾರದ್ದು. ಬಿಲ್ ಹಾಕಿದ ದಿನದ ರೇಟು ತಾನೇ ಲೆಕ್ಕಕ್ಕೆ? ಆ ಹತ್ತು ನಿಮಿಷ ನಿಜವಾಗಲೂ ಹಾಗೆಯೇ ನಂಬಿದ್ದೆ. ಹಿರಿಯರಿಗೆ ಫೋನ್ ಸಿಕ್ಕಿತು. ನಾನು ಬಾಯಿ ತೆರೆಯುವ ಮೊದಲೇ ಅವರು, "ಹಳದಿ ಆಗೋಯ್ತು ತಂಬಿ" ಅಂದರು.

ಅವರ ಕಾಲದಲ್ಲಿ ಶಿಪ್ಪಿಂಗ್ ಬಿಲ್ ಅಂದರೆ ಕಾಗದ. ಕಾರ್ಬನ್ ಇಟ್ಟು ಟೈಪ್ ಮಾಡುತ್ತಿದ್ದರು. ಸುಂಕ ಇಲ್ಲದ ಮಾಲಿಗೆ ಬಿಳಿ, ಡ್ರಾಬ್ಯಾಕ್ (ಕಟ್ಟಿದ ಸುಂಕ ವಾಪಸ್ ಸಿಗುವುದು) ಇದ್ದರೆ ಹಸಿರು, ಸುಂಕ ಕಟ್ಟಬೇಕಾದ ಮಾಲಿಗೆ ಹಳದಿ. ಈಗ ಎಲ್ಲ ಸ್ಕ್ರೀನ್ ಮೇಲೆ ಒಂದೇ ಥರ ಕಾಣುತ್ತದೆ. ಆದರೂ ಅವರ ಬಾಯಲ್ಲಿ ಬಣ್ಣ ಹಾಗೆಯೇ ಉಳಿದಿದೆ. ನನ್ನ ಬಿಳಿ ಬಿಲ್ ನಾನು ರೈಲಿನಲ್ಲಿ ಕೂತಿದ್ದಾಗ ಹಳದಿಯಾಯಿತು.

ಕಸ್ಟಮ್ಸ್ ಕಾಯ್ದೆ 1962ರ 16ನೇ ಸೆಕ್ಷನ್ ಹೇಳುವುದು ಇಷ್ಟೇ: ರಫ್ತು ಮಾಲಿಗೆ ಎಲ್‌ಇಒ ಕೊಟ್ಟ ದಿನದ ರೇಟು. ಬಿಲ್ ಹಾಕಿದ ದಿನದ್ದಲ್ಲ, ಗೇಟ್ ಇನ್ ಆದ ದಿನದ್ದೂ ಅಲ್ಲ. ಕಸ್ಟಮ್ಸ್ ಬ್ರೋಕರ್ ಕಡೆಯವರಿಗೆ ಕೊಡುವ ಜಿ ಕಾರ್ಡ್‌ನ ಪರೀಕ್ಷೆಗೆ ಇದನ್ನು ಓದಿ ಬರೆದು ಪಾಸಾಗಿದ್ದೆ. ಆದರೆ ನಾನು ಮಾಡುವ ಮಾಲಿನಲ್ಲಿ ಮುಕ್ಕಾಲು ಪಾಲಿಗೆ ರಫ್ತು ಸುಂಕವೇ ಇರುವುದಿಲ್ಲ. ಇಷ್ಟು ವರ್ಷದಲ್ಲಿ ಆ ಸೆಕ್ಷನ್ ಒಂದು ಸಲವೂ ಕೈಗೆ ತಾಗಿರಲಿಲ್ಲ. ತಾಗದೇ ಇದ್ದುದನ್ನು ಮರೆತಿದ್ದೆ.

ಸೂಚನೆ ಇರಲಿಲ್ಲ ಅಂತಲೂ ಹೇಳುವಂತಿಲ್ಲ. ಜುಲೈ 20ರಂದೇ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದ್ದರು. ಟೊಮೇಟೊ ಬೆಲೆ ಮನೆಮನೆಯಲ್ಲೂ ಮಾತಾಗಿತ್ತು. ಸರ್ಕಾರ ಕೂಡಿಟ್ಟ ಈರುಳ್ಳಿಯನ್ನು ಮಾರುಕಟ್ಟೆಗೆ ಬಿಡಲು ಶುರು ಮಾಡಿತ್ತು. ಪೇಪರಿನಲ್ಲಿ ಇದನ್ನೆಲ್ಲ ಓದಿದ್ದೆ. ನನ್ನ ಬಾಕ್ಸಿಗೂ ಇದಕ್ಕೂ ಗಂಟು ಹಾಕಿ ನೋಡಲಿಲ್ಲ.

ಬಂಗಾರಪೇಟೆಯಲ್ಲಿ ಇಳಿದೆ. ತಮ್ಮ ಬೈಕ್ ತಂದಿದ್ದ. ಅಮ್ಮ ಎದ್ದು ಕಾಯುತ್ತಿದ್ದಳು. ಊಟ ಸೇರಲಿಲ್ಲ. ಗೌಡ್ರಿಗೆ ಫೋನ್‌ನಲ್ಲಿ ಹೇಳಬಹುದಿತ್ತು, ಮನಸ್ಸು ಬರಲಿಲ್ಲ. ಭಾನುವಾರ ಬೆಳಗ್ಗೆ ತಮ್ಮನ ಬೈಕ್ ತೆಗೆದುಕೊಂಡು ಸೀದಾ ಚಿಕ್ಕಬಳ್ಳಾಪುರದ ಪ್ಯಾಕ್‌ಹೌಸ್‌ಗೆ ಹೋದೆ.

ಹೆಂಗಸರು ಸಾಲಾಗಿ ಕೂತು ಗ್ರೇಡಿಂಗ್ ಮಾಡುತ್ತಿದ್ದರು. ರೋಸ್ ಈರುಳ್ಳಿ ನೋಡಿದವರಿಗೆ ಗೊತ್ತು: ಬುಡ ಚಪ್ಪಟೆ, ಬಣ್ಣ ಕಡುಗೆಂಪು, ಖಾರ ಜಾಸ್ತಿ. ನಮ್ಮ ಕಡೆ ಬೆಳೆದರೂ ನಮ್ಮ ಅಡುಗೆಮನೆಗೆ ಬರುವುದು ಕಡಿಮೆ. ಮಲೇಷ್ಯಾ, ಸಿಂಗಪುರ, ಇಂಡೋನೇಷ್ಯಾದವರಿಗೇ ಇದು ಬೇಕು. ಅಲ್ಲಿಗೆ ಹೋಗದಿದ್ದರೆ ಇಲ್ಲಿ ಕೇಳುವವರಿಲ್ಲ. ಬೆಲೆ ಇಳಿಸಬೇಕು ಅಂತ ಹಾಕಿದ ಸುಂಕ ಈ ಈರುಳ್ಳಿಗೂ ಯಾಕೆ ಬಿತ್ತು ಅನ್ನುವುದು ನನಗೆ ಅವತ್ತೂ ಅರ್ಥವಾಗಲಿಲ್ಲ, ಇವತ್ತೂ ಸರಿ ಅನ್ನಿಸುವುದಿಲ್ಲ. ಸಾಂಬಾರಿಗೆ ಹಾಕದ ಈರುಳ್ಳಿಯನ್ನು ತಡೆದರೆ ಸಾಂಬಾರಿನ ಖರ್ಚು ಇಳಿಯುತ್ತದಾ?

ಗೌಡ್ರಿಗೆ ನೋಟಿಫಿಕೇಶನ್ ವಿಷಯ ಟಿವಿಯಲ್ಲಿ ತಿಳಿದಿತ್ತು. ನನ್ನನ್ನು ನೋಡಿ ಖುಷಿಯಿಂದಲೇ ಎದ್ದು ಬಂದರು. "ಸದ್ಯ, ನಮ್ಮ ಮಾಲು ಶನಿವಾರವೇ ಒಳಗೆ ಹೋಯ್ತಲ್ಲಪ್ಪಾ. ದೇವರು ದೊಡ್ಡವನು" ಅಂದರು. ಗೇಟ್ ಇನ್ ಆಯಿತು ಅಂತ ಶನಿವಾರ ಮಧ್ಯಾಹ್ನ ಮೆಸೇಜ್ ಹಾಕಿದ್ದು ನಾನೇ. ಗೇಟ್ ಇನ್ ಅಂದರೆ ಮಾಲು ಹೋದ ಹಾಗೆ ಅಂತ ಅವರು ತಿಳಿದುಕೊಂಡಿದ್ದರು.

ಎಲ್ಲ ಬಿಡಿಸಿ ಹೇಳಿದೆ. 1,040 ಅಂತ ಬಿದ್ದ ತಪ್ಪು, ಅಧಿಕಾರಿ ಸೀಟಿನಲ್ಲಿದ್ದದ್ದು, ರೈಲು. ಏನನ್ನೂ ಮುಚ್ಚಿಡಲಿಲ್ಲ. ಎಫ್‌ಒಬಿ, ಅಂದರೆ ಹಡಗಿಗೆ ಏರಿಸುವವರೆಗಿನ ಮಾಲಿನ ಬೆಲೆ, ಏಳು ಲಕ್ಷ. ಸುಂಕ ಎರಡು ಲಕ್ಷ ಎಂಬತ್ತು ಸಾವಿರ. ಆ ಬಾಕ್ಸಿನಲ್ಲಿ ಅವರಿಗೆ ಉಳಿಯುತ್ತಿದ್ದದ್ದು ನಲವತ್ತು ಸಾವಿರ. ಅವರು ಬೈಯಲಿಲ್ಲ. ಕುರ್ಚಿಯಲ್ಲಿ ಕೂತು ತುಂಬಾ ಹೊತ್ತು ಅಂಗೈ ನೋಡಿಕೊಂಡರು. ಆಮೇಲೆ, "ಮೂರು ಗಂಟೆ ಕೆಲಸ ಅಂತೀಯಾ?" ಅಂತ ಕೇಳಿದರು. ಹೌದು ಅಂದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಲ್ಲಿನ ಬೈಯರ್ ಒಂದು ಡಾಲರ್ ಕೂಡ ಜಾಸ್ತಿ ಕೊಡಲ್ಲ ಅಂದ. ವಾಪಸ್ ತಂದರೆ ಬಾಡಿಗೆ, ಪ್ಲಗ್ ಚಾರ್ಜು, ಮೇಲಿಂದ ಕೇಳುವವರಿಲ್ಲದ ಮಾಲು. ಗೌಡ್ರು ಸಾಲ ಮಾಡಿ ಚಲನ್ ಕಟ್ಟಿದರು. ಸೋಮವಾರ ಸಂಜೆ ಎಲ್‌ಇಒ ಬಂತು. ನಮ್ಮ ಮ್ಯಾನೇಜ್‌ಮೆಂಟ್ ಒಂದು ರೂಪಾಯಿಯನ್ನೂ ಹಂಚಿಕೊಳ್ಳಲಿಲ್ಲ. ಕಾಗದದ ಪ್ರಕಾರ ನಮ್ಮ ತಪ್ಪಿಲ್ಲ, ಕಟ್-ಆಫ್ ಒಳಗೇ ಕೆಲಸ ಮುಗಿಸಿದ್ದೇವೆ ಅಂದರು. ಎಲ್ಲರೂ ಎಚ್ಚರಿಕೆಯಿಂದ ಇರಬೇಕು ಅಂತ ಒಂದು ಮೇಲ್ ಬಂತು. ಮೂರು ಸಿಎಫ್‌ಎಸ್‌ಗೆ ಒಬ್ಬನೇ ಜಿ ಕಾರ್ಡ್‌ನವನು, ಶನಿವಾರಕ್ಕೆ ಬದಲಿ ಆಳಿಲ್ಲ. ಇದನ್ನು ಎರಡು ವರ್ಷದಿಂದ ಕೇಳುತ್ತಿದ್ದೇವೆ. ಮೇಲ್‌ನಲ್ಲಿ ಅದರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

ಆಮೇಲೆ ಒಂದು ದಿನ ಹಿರಿಯರ ಜೊತೆ ರಾಜಾಜಿ ಸಾಲೈನಲ್ಲಿ ನಡೆದು ಹೋಗುತ್ತಿದ್ದೆ. ಚೆನ್ನೈ ಬಂದರಿನ ಪಕ್ಕದ ರಸ್ತೆ, ಬರ್ಮಾ ಬಜಾರ್ ಇರುವುದು ಅಲ್ಲೇ. ಹಳೇ ಮದರಾಸಿನಲ್ಲಿ ಬಂದರೇ ಇರಲಿಲ್ಲ ಅಂತ ಅವರು ಶುರು ಮಾಡಿದರು. ಹಡಗು ದೂರದಲ್ಲಿ ನಿಲ್ಲುತ್ತಿತ್ತು. ಹಲಗೆಗಳನ್ನು ಹಗ್ಗದಿಂದ ಹೊಲಿದ ಮಸೂಲ ದೋಣಿಯಲ್ಲಿ ಮಾಲು ಅಲೆ ದಾಟಿ ಹೋಗಬೇಕಿತ್ತು. 1861ರಲ್ಲಿ ಕಬ್ಬಿಣದ ಪಿಯರ್ (ಸಮುದ್ರದೊಳಕ್ಕೆ ಚಾಚಿದ ಕಟ್ಟೆ) ಬಂತು. 1870ರ ದಶಕದಲ್ಲಿ ಬ್ರಿಟಿಷರು ಹಾರ್ಬರ್ ಕಟ್ಟಲು ಶುರು ಮಾಡಿದರು. 1881ರ ಚಂಡಮಾರುತ ಅದನ್ನು ಒಡೆದು ಹಾಕಿತು. ಮತ್ತೆ ಕಟ್ಟಿದರು. ನಾವು ಬರೆಯುವ ಶಿಪ್ಪಿಂಗ್ ಬಿಲ್ ಆ ಕಾಲದ್ದೇ, 1878ರ ಸೀ ಕಸ್ಟಮ್ಸ್ ಆಕ್ಟ್‌ನಲ್ಲೇ ಅದರ ಹೆಸರಿದೆ.

ಆಗಲೂ ಊಟದ ಸಾಮಾನಿಗೆ ರಫ್ತು ಸುಂಕ ಇತ್ತಾ ಅಂತ ಕೇಳಿದೆ. ಅಕ್ಕಿಗೆ ಇತ್ತು ಅಂದರು. 1875ರಲ್ಲಿ ಹೆಚ್ಚಿನ ರಫ್ತು ಸುಂಕ ತೆಗೆದರು. ನೀಲಿ (ಇಂಡಿಗೊ), ಅರಗು, ಅಕ್ಕಿ ಮಾತ್ರ ಉಳಿದವು. 1880ರಲ್ಲಿ ನೀಲಿ ಮತ್ತು ಅರಗಿನದೂ ಹೋಯಿತು. ಅಕ್ಕಿಯದು ಹೋಗಲಿಲ್ಲ. ಯುದ್ಧದ ಖರ್ಚಿಗೆ ದುಡ್ಡು ಬೇಕಾದಾಗ 1916ರಲ್ಲಿ ಚಹಾ ಮತ್ತು ಸೆಣಬಿಗೂ ಹಾಕಿದರು. "ಅಲೆ ದಾಟೋವರೆಗೂ ಮಾಲು ದಡದ್ದೇ ತಂಬಿ. ದೋಣಿಯವನು ಊಟಕ್ಕೆ ಹೋದ್ರೆ ವ್ಯಾಪಾರಿ ಅಳ್ತಿದ್ದ" ಅಂದರು. ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದು ಅವರ ದೊಡ್ಡತನ.

ಈಗ ನಾನು ಎರಡು ವಿಷಯ ಬಿಡುವುದಿಲ್ಲ. ಮಾಲಿನವರಿಗೆ ಗೇಟ್ ಇನ್ ಮೆಸೇಜ್ ಹಾಕುವುದಿಲ್ಲ, ಎಲ್‌ಇಒ ಕಾಪಿಯನ್ನೇ ಕಳಿಸುತ್ತೇನೆ. ಚೆಕ್‌ಲಿಸ್ಟ್‌ನ ಅಂಕಿಗಳನ್ನು ಪಕ್ಕದವನಿಗೆ ಕೊಟ್ಟು ಜೋರಾಗಿ ಓದಿಸುತ್ತೇನೆ. ಹೊಸ ಹುಡುಗರಿಗೆ ಇದು ಬೇಜಾರು. ಆದರೂ ಓದಿಸುತ್ತೇನೆ.

ಬೆಳೆಗಾರರು ಗಲಾಟೆ ಮಾಡಿದ ಮೇಲೆ ಸೆಪ್ಟೆಂಬರ್ 29ರಂದು ರೋಸ್ ಈರುಳ್ಳಿಗೆ ಸುಂಕ ಬಿಟ್ಟರು. ಅದಕ್ಕೆ ಕರ್ನಾಟಕದ ತೋಟಗಾರಿಕೆ ಕಮಿಷನರ್ ಸರ್ಟಿಫಿಕೇಟ್ ಬೇಕಿತ್ತು. ಡಿಸೆಂಬರ್ 8ಕ್ಕೆ ಈರುಳ್ಳಿ ರಫ್ತೇ ಬಂದ್ ಆಯಿತು. 2024ರ ಮೇ ತಿಂಗಳಲ್ಲಿ ಮತ್ತೆ ತೆರೆದರು, ಆಗಲೂ 40% ಸುಂಕ. ತಿಂಗಳ ಕೊನೆಗೆ ರೋಸ್‌ಗೆ ಮತ್ತೆ ವಿನಾಯಿತಿ. ಈರುಳ್ಳಿ ಸುಂಕ ಪೂರ್ತಿ ಹೋಗಿದ್ದು 2025ರ ಏಪ್ರಿಲ್ 1ಕ್ಕೆ. ಈ ಎರಡು ವರ್ಷ ಗೌಡ್ರು ಹೇಗೆ ತಡೆದುಕೊಂಡರೋ.

2023ರ ಅಕ್ಟೋಬರ್‌ನಲ್ಲಿ ಅವರು ಮತ್ತೆ ನಮ್ಮ ಆಫೀಸಿಗೇ ಬಾಕ್ಸ್ ಕೊಟ್ಟರು. ಸರ್ಟಿಫಿಕೇಟ್ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇತ್ತು. ಅವತ್ತು ಬೆಳಗ್ಗೆಯಿಂದ ನಾನು ಸಿಎಫ್‌ಎಸ್ ಬಿಟ್ಟು ಕದಲಲಿಲ್ಲ. ಸಂಜೆ ಗೌಡ್ರ ಫೋನ್ ಬಂತು. ಯಾವಾಗಲೂ ಮೊದಲು ಊಟ ಆಯ್ತಾ ಅಂತ ಕೇಳುವ ಮನುಷ್ಯ. ಅವತ್ತು ಕೇಳಲಿಲ್ಲ.

"ಎಲ್‌ಇಒ ಆಯ್ತೇನಪ್ಪಾ?"

"ಆಯ್ತು ಗೌಡ್ರೇ. ಈಗ ತಾನೇ ಕೈಗೆ ಬಂತು."