ಅಪ್ಪನ ಜೊತೆ ಬ್ರಿಜ್‌ಟೌನ್, ಅದೂ ಕಾಲ್ನಡಿಗೇಲಿ

ಬಾರ್ಬಡೋಸ್ ರಾಜಧಾನಿ ಬ್ರಿಜ್‌ಟೌನ್ ನೋಡೋಕೆ ನಮ್ಮ ಕ್ರೂಸ್ ಹಡಗಿನವ್ರು ಮಾರೋ ಟೂರ್‌ಗೆ ತಲೆಗೆ 80 ಡಾಲರ್ ಹತ್ರ ಅಂತ ನೋಡಿದ ತಕ್ಷಣ ಅಪ್ಪ ಅಂದ್ರು, "ಇಬ್ರ ದುಡ್ಡಲ್ಲಿ ಹಾಸನದಿಂದ ಕಾಶಿಗೆ ಹೋಗ್ ಬರ್ಬೋದು ಪುಟ್ಟಿ, ನಡಿ, ನಡ್ಕೊಂಡೇ ಹೋಗಣ." ಅಪ್ಪಂಗೆ 69, ಮಂಡಿನೋವು ಬೇರೆ, ಆದ್ರೂ ದಿನಾ ಬೆಳಿಗ್ಗೆ ವಾಕಿಂಗ್ ಬಿಡೋರಲ್ಲ, ಸರಿ ಅಂದೆ.

ನಾವು ಹಡಗು ಹತ್ತಿದ್ದು ಪೋರ್ಟೊ ರಿಕೊದ ಸ್ಯಾನ್ ವಾನ್‌ನಲ್ಲಿ. ಅಲ್ಲಿ ನಡಿಯೋಕೆ ಯೋಚ್ನೆನೇ ಬೇಡ, ಹಡಗು ಕಟ್ಟೋದೇ ಹಳೇ ಊರಿನ ಬುಡದಲ್ಲಿ, ಇಳಿದು ರಸ್ತೆ ದಾಟಿದ್ರೆ ನೀಲಿ ಕಲ್ಲು ಹಾಸಿರೋ ಬೀದಿಗಳು, ಮೇಲೆ ಹತ್ತಿದ್ರೆ ಎಲ್ ಮೊರೊ ಕೋಟೆ, ಅದರ ಮುಂದಿನ ಹುಲ್ಲುಹಾಸಲ್ಲಿ ಜನ ಗಾಳಿಪಟ ಹಾರಿಸ್ತಿರ್ತಾರೆ. ಬ್ರಿಜ್‌ಟೌನ್ ಹಂಗಲ್ಲ. ಬಂದರಿನಿಂದ ಊರೊಳಕ್ಕೆ ಸುಮಾರು ಒಂದೂವರೆ ಕಿಲೋಮೀಟರ್, ನೆರಳು ಕಮ್ಮಿ, ಅದಕ್ಕೇ ಎಂಟು ಗಂಟೆಗೇ ಇಳಿದ್ಬಿಟ್ವಿ. ಗೇಟ್ ಹೊರಗೆ ಟ್ಯಾಕ್ಸಿಯವ್ರು ಕರೀತಾರೆ, ತಲೆ ತಗ್ಗಿಸ್ಕೊಂಡು ಹೋಗ್ಬೇಡಿ, ಗುಡ್ ಮಾರ್ನಿಂಗ್ ಹೇಳಿ ನಡೀತೀವಿ ಅನ್ನಿ ಸಾಕು, ಆ ಊರಲ್ಲಿ ನಮಸ್ಕಾರ ಹೇಳದೆ ಮಾತು ಶುರು ಮಾಡೋದನ್ನ ಒರಟುತನ ಅಂತ್ಲೇ ನೋಡ್ತಾರೆ.

ಅಪ್ಪಂಗೆ ಬೇಕಿದ್ದಿದ್ದು ಬೀಚಲ್ಲ, ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನ. ಬಂದರಿನಿಂದ ಕಿಲೋಮೀಟರ್ ಆಸುಪಾಸು ಅಷ್ಟೇ. ವೆಸ್ಟ್ ಇಂಡೀಸ್ ನೆಲದಲ್ಲಿ ಮೊಟ್ಟಮೊದಲ ಟೆಸ್ಟ್ ಆಡಿದ್ದು ಇಲ್ಲೇ, 1930ರಲ್ಲಿ. ಹೊರಗಡೆ ಇಲ್ಲಿಯವ್ರೇ ಆದ ಕ್ರಿಕೆಟ್ ದಿಗ್ಗಜ ಗ್ಯಾರಿ ಸೋಬರ್ಸ್ ಪ್ರತಿಮೆ ಇದೆ, ಅಪ್ಪ ಅದರ ಮುಂದೆ ಚಪ್ಪಲಿ ಬಿಟ್ಟು ನಿಂತ್ಕೊಂಡ್ರು, ನಾನೇನೂ ಅನ್ನಕ್ಕೆ ಹೋಗ್ಲಿಲ್ಲ. ಅವತ್ತು ಒಳಗೆ ಬಿಡ್ತಿರ್ಲಿಲ್ಲ, ಗೇಟಿನ ಸಂದೀಲಿ ಒಂದು ತುಂಡು ಹಸಿರು ಕಾಣ್ತಿತ್ತು. ಅಷ್ಟಕ್ಕೇ ಶುರುವಾಯ್ತು, "120 ಹೊಡೀಬೇಕಿತ್ತು ಕಣೇ, ಬರೀ 120! 81ಕ್ಕೆ ಆಲೌಟು." ಅದು ಇದೇ ಮೈದಾನದಲ್ಲಿ ಇಂಡಿಯಾ ಸೋತ 1997ರ ಟೆಸ್ಟು, ತೆಂಡೂಲ್ಕರ್ ಕ್ಯಾಪ್ಟನ್, ನಮ್ಮ ದ್ರಾವಿಡ್, ಕುಂಬ್ಳೆ, ಪ್ರಸಾದ್ ಎಲ್ಲಾ ಆಡಿದ್ದು. ಅಲ್ಲಿದ್ದ ಸೆಕ್ಯುರಿಟಿಯವನು ಇಂಡಿಯಾದವ್ರು ಅಂತ ಗೊತ್ತಾದ್ಮೇಲೆ ಕೈ ಮೇಲೆತ್ತಿ ಬೌಂಡ್ರಿ ಹತ್ರ ಕ್ಯಾಚ್ ಹಿಡಿದು ಎಸೆದು ಮತ್ತೆ ಹಿಡಿಯೋ ಆಕ್ಷನ್ ಮಾಡಿ ತೋರಿಸ್ದ. 2024ರ ಜೂನ್ 29, ಇದೇ ಮೈದಾನದಲ್ಲಿ ಟಿ20 ವಿಶ್ವಕಪ್ ಫೈನಲ್, ಸೂರ್ಯಕುಮಾರ್ ಕ್ಯಾಚು, 7 ರನ್ನಲ್ಲಿ ಗೆದ್ದಿದ್ದು, ಕಪ್ ಕೈಗೆ ಬಂದಾಗ ಕೋಚ್ ದ್ರಾವಿಡ್ ಕೂಗಿದ್ದು. ಆ ರಾತ್ರಿ ಹಾಸನದಲ್ಲಿ ಅಪ್ಪ ಅತ್ತಿದ್ರು ಅಂತ ಅಮ್ಮ ಹೇಳಿದ್ರು, ಅಪ್ಪ ಒಪ್ಪಲ್ಲ.

ಅಲ್ಲಿಂದ ಊರೊಳಕ್ಕೆ. ಸ್ವಾನ್ ಸ್ಟ್ರೀಟ್ ಅಂತ ಒಂದಿದೆ, ನಮ್ಮ ಚಿಕ್ಕಪೇಟೆ ತರ, ಬರೀ ನಡಿಯೋರಿಗೆ. ಅಲ್ಲೇ ಅಪ್ಪನ ಚಪ್ಪಲಿ ಉಂಗುಷ್ಠ ಕಿತ್ತೋಯ್ತು. ರಸ್ತೆ ಬದಿ ಹಣ್ಣು ಮಾರ್ತಿದ್ದ ಒಬ್ಬ ಅಜ್ಜಿ ನೋಡಿ, ಏನೂ ಕೇಳ್ದೆ, ತನ್ನ ಏಪ್ರನ್ನಿಂದ ಒಂದು ಪಿನ್ನು ಬಿಚ್ಚಿ, ಪಟ್ಟಿ ತೂರ್ಸಿ ತಾನೇ ಹಾಕ್ಕೊಟ್ರು. ದುಡ್ಡು ತಗೊಳ್ಳಲಿಲ್ಲ. ನಾಚಿಕೆ ಆಗಿ ಎರಡು ಮಾವಿನಹಣ್ಣು ತಗೊಂಡ್ವಿ.

ಮುಂದೆ ಗಡಿಯಾರ ಗೋಪುರದ ಪಾರ್ಲಿಮೆಂಟು, ಅದರ ಎದುರು ನ್ಯಾಷನಲ್ ಹೀರೋಸ್ ಸ್ಕ್ವೇರ್. ಇಲ್ಲಿ ಬ್ರಿಟಿಷ್ ನೌಕಾ ಸೇನಾನಿ ನೆಲ್ಸನ್ ಪ್ರತಿಮೆ 1813ರಿಂದ ಇತ್ತು, ಅಂದ್ರೆ ಲಂಡನ್‌ನಲ್ಲಿ ಕಂಬದ ಮೇಲಿರೋ ನೆಲ್ಸನ್‌ಗಿಂತ ಹಳೇದು, 2020ರ ನವೆಂಬರ್‌ನಲ್ಲಿ ಎತ್ತಿಸಿಬಿಟ್ರು, ಮುಂದಿನ ವರ್ಷ ರಾಣಿನೂ ಬೇಡ ಅಂತ ಗಣರಾಜ್ಯ ಆದ್ರು. ಪಕ್ಕದಲ್ಲೇ ಕರೀನೇಜ್, ಹಳೇ ಕಾಲದಲ್ಲಿ ಹಡಗನ್ನ ಒಂದು ಮಗ್ಗುಲಿಗೆ ವಾಲಿಸಿ ತಳ ಕೆರೀತಿದ್ದ ಜಾಗ, ಹೆಸರೇ ಅದರಿಂದ ಬಂದಿದ್ದು.

ಎಡವಟ್ಟೂ ಆಯ್ತು. ಎಳನೀರು ಐದು ಅಂದ, ಐದು ಅಮೆರಿಕನ್ ಡಾಲರ್ ಕೊಟ್ಟು ಬಂದೆ. ಅಲ್ಲಿಯ ಎರಡು ಡಾಲರ್‌ಗೆ ಅಮೆರಿಕದ್ದೊಂದು ಅಂತ ಆಮೇಲೆ ನೆನಪಾಯ್ತು. ಯಾವ ಡಾಲರ್ ಅಂತ ಮೊದ್ಲೇ ಕೇಳಿ. ಊಟಕ್ಕೆ ರೋಟಿ. ಇದು ನಮ್ಮ ರೊಟ್ಟಿ ಅಲ್ಲ, ಟ್ರಿನಿಡಾಡ್‌ಗೆ 1845ರಿಂದ ಕೂಲಿಗೆ ಹೋದ ಭಾರತೀಯರಿಂದ ಶುರುವಾಗಿ ದ್ವೀಪ ದ್ವೀಪಕ್ಕೆ ಹಬ್ಬಿದ್ದು, ದಾಲ್‌ಪುರಿ ಅಂತಾರೆ, ಒಳಗೆ ಬೇಯಿಸಿ ಪುಡಿ ಮಾಡಿದ ಬಟಾಣಿಬೇಳೆ, ಅದರಲ್ಲಿ ಆಲೂಗಡ್ಡೆ ಕಾಬೂಲ್‌ಕಡ್ಲೆ ಪಲ್ಯ ಸುತ್ತಿ ಕೊಡ್ತಾರೆ. ಅಪ್ಪ ಒಂದು ತುತ್ತು ತಿಂದು "ಬೆಲ್ಲ ಹಾಕೋದು ಮರೆತ ಒಬ್ಬಟ್ಟು" ಅಂದ್ರು, ಪೂರ್ತಿ ಖಾಲಿ ಮಾಡಿದ್ರು. ಮಾಬಿ ಅಂತ ಮರದ ತೊಗಟೆ ಬೇಯಿಸಿ ಮಾಡೋ ಕಹಿ ಶರಬತ್ತು ನಂಗೆ ಇಳೀಲಿಲ್ಲ, ಅಪ್ಪ ಕಷಾಯ ಅಂತ ಅದನ್ನೂ ಕುಡಿದ್ರು.

ಕಾರ್ಲೈಲ್ ಬೇ ಬೀಚ್ ಕರೀನೇಜ್ ಮೇಲಿನ ಸೇತುವೆಯಿಂದ ಹದಿನೈದು ನಿಮಿಷದ ನಡಿಗೆ, ಬಾರ್ಬಡೋಸ್‌ನಲ್ಲಿ ಬೀಚೆಲ್ಲಾ ಸಾರ್ವಜನಿಕ. ಒಂದೇ ಎಚ್ಚರ, ಮ್ಯಾಂಚಿನೀಲ್ ಅನ್ನೋ ಮರ, ಕಾಯಿ ಪುಟ್ಟ ಸೇಬಿನ ತರ ಇರುತ್ತೆ, ಪೂರ್ತಿ ವಿಷ, ಮಳೇಲಿ ಅದರ ಕೆಳಗೆ ನಿಂತ್ರೂ ಮೈ ಬೊಬ್ಬೆ ಬರುತ್ತೆ.

ಟೈಮ್ ಬಗ್ಗೆ ಒಂದ್ಮಾತು. ಈ ಟ್ರಿಪ್ಪಲ್ಲಿ ತೊಂದ್ರೆ ಇರ್ಲಿಲ್ಲ, ಆದ್ರೆ ಹೋದ್ಸಲ ಬೇಸಿಗೇಲಿ ಫ್ಲೋರಿಡಾದಿಂದ ಮೆಕ್ಸಿಕೋದ ಕೊಸುಮೆಲ್‌ಗೆ ಹೋದಾಗ ಹಡಗು ಫ್ಲೋರಿಡಾ ಟೈಮಲ್ಲೇ ಇತ್ತು, ಫೋನ್ ತಾನಾಗೇ ಒಂದು ಗಂಟೆ ಹಿಂದೆ ಹೋಗಿತ್ತು, ಕೊನೆಗೆ ಓಡಿ ಬಂದ್ವಿ. ಅವತ್ತಿಂದ ಕೈಗಡಿಯಾರ ಕಟ್ಟಿ ಹಡಗಿನ ಟೈಮ್ ಇಟ್ಕೊಳ್ತೀನಿ.

ನಾಲ್ಕೂವರೆಯೊಳಗೆ ಹತ್ತಬೇಕಿತ್ತು, ಮೂರೂ ಮುಕ್ಕಾಲಿಗೇ ಬಂದ್ವಿ. ಹಡಗಿನ ಸೆಕ್ಯುರಿಟೀಲಿ ಅಪ್ಪನ ಚಪ್ಪಲಿ ಪಿನ್ನಿಗೆ ಬೀಪ್ ಬಂತು, ಬಿಚ್ಚಿ ತೋರ್ಸಿದ್ರು. ಒಳಗೆ ಅಂಗಡಿ ಇದೆ, ಹೊಸ ಚಪ್ಪಲಿ ಕೊಡಿಸ್ಲಾ ಅಪ್ಪ ಅಂದೆ.

"ಬೇಡ ಬಿಡು, ಹಾಸನಕ್ಕೆ ಹೋಗಿ ಹೊಲಿಸ್ಕೊಂಡ್ರಾಯ್ತು."